ಸುಣ್ಣದ ನಂಬರು

ಲಾರಿ ಎರಡು ತುಂಡಾಗಿತ್ತು. ಮುಂದಿನದು ಎಂಜಿನ್ ಇರುವ ಮೂತಿ. ಹಿಂದಿನದು ಅದಕ್ಕೆ ಕೊಂಡಿ ಹಾಕಿಸಿಕೊಂಡು ಎಳೆಸಿಕೊಳ್ಳುವ ಉದ್ದನೆಯ ಬಂಡಿ. ಯುದ್ಧ ಮುಗಿದ ಮರುವರ್ಷ ದಂಡಿನವರು ತಮಗೆ ಬೇಡವಾದದ್ದನ್ನೆಲ್ಲ ಹಲಸೂರಿನ ಆಚೆಯ ಡಿಪೋದಲ್ಲಿ ಕೂಗಿ ಮಾರುತ್ತಿದ್ದಾಗ ಮುನಿಆಂಜನಪ್ಪ ಅದನ್ನು ಕೊಂಡ. ಹೆಸರಿಗೆ ಕೊಂಡವನು ಅವನು. ನಿಜವಾಗಿ ಕೊಂಡದ್ದು ಕೃಷ್ಣರಾಜಪುರದ ಆಚೆಗಿನ ಒಂದು ಊರಿನ ಮಾದಿಗರ ಕೇರಿ, ಪೂರಾ ಕೇರಿ.

ಆ ಕೇರಿಯಿಂದ ಟ್ಯಾನರಿ ರಸ್ತೆಯ ಹದದ ಮನೆಗಳಿಗೆ ಹಸಿ ಚರ್ಮ ಹೋಗುತ್ತಿದ್ದುದು ಹೆಂಗಸರ ತಲೆಯ ಮೇಲೆ. ಊರಿನಲ್ಲಿ ಗಾಡಿಗಳಿಗೇನು ಬರವೇ? ಪಟೇಲನ ಕೊಟ್ಟಿಗೆಯ ಮುಂದೆ ಸಾಲಾಗಿ ನಿಂತಿದ್ದವು. ಸತ್ತ ದನವನ್ನು ಕೇರಿಯವರೇ ಎತ್ತಬೇಕು ಎನ್ನುವ ಅದೇ ಊರು, ಅದರ ಚರ್ಮ ಮಾತ್ರ ತನ್ನ ಗಾಡಿಯ ಹಲಗೆಗೆ ತಾಕಬಾರದು ಎನ್ನುತ್ತಿತ್ತು. ಮುನಿಆಂಜನಪ್ಪನ ತಾಯಿ ಮಾರಕ್ಕನ ನೆತ್ತಿಯಲ್ಲಿ ಕೂದಲಿರಲಿಲ್ಲ. ಹೊರೆಯಿಂದ ಉಪ್ಪುನೀರು ಸೋರಿ ಸೋರಿ ಚರ್ಮ ಸುಟ್ಟು, ಸಿಂಬಿ ಕೂರುವ ಜಾಗ ಒಲೆಯ ಗುಂಡಿಯ ಹಾಗೆ ತಗ್ಗಾಗಿತ್ತು. ಬರ್ಮಾದ ಕೆಸರಿನಲ್ಲಿ ಸರ್ಕಾರದ ಲಾರಿ ಓಡಿಸಿ ಜೀವ ಸಮೇತ ಹಿಂದಿರುಗಿದ ಮಗ, ಅಂದು ರಾತ್ರಿ ತಾಯಿಯ ತಲೆಗೆ ಎಣ್ಣೆ ಹಚ್ಚಲು ಕೈಯಿಟ್ಟವನು ಕೈ ಹಿಂದೆಗೆದುಕೊಂಡಿದ್ದ. ಲಾರಿ ಬೇಕು ಎಂದು ಅವನಿಗೆ ಹೊಳೆದದ್ದು ಆಗ.

ಈಗ ಲಾರಿ ಸಿಕ್ಕಿತ್ತು. ಮನೆ ಸೇರಿರಲಿಲ್ಲ.

ದಂಡು ಪ್ರದೇಶ ಇಂಗ್ಲಿಷರದು, ಅದರಾಚೆ ಮೈಸೂರು ಮಹಾರಾಜರ ಸಂಸ್ಥಾನ. ಎರಡಕ್ಕೂ ನಡುವೆ ಮದ್ರಾಸು ರಸ್ತೆಗೆ ಅಡ್ಡಲಾಗಿ ಒಂದು ಗೇಟು. ಮೋಟಾರು ಕಚೇರಿಯವರು ಕೊಟ್ಟ ಪರವಾನಗಿ ಆ ಒಂದೇ ದಿನದ್ದು. ಗೇಟಿನಲ್ಲಿ ದೀಪ ಹಚ್ಚುವುದರೊಳಗೆ ಲಾರಿ ದಾಟಬೇಕು. ದಾಟದಿದ್ದರೆ ಮಾರಾಟ ರದ್ದು, ಲಾರಿ ಡಿಪೋಗೆ ವಾಪಸ್ಸು. ದಾಟಿದ ಮೇಲೆ ಸಂಸ್ಥಾನದ ಕಡೆ ಹೊಸದಾಗಿ ಬರೆಸಿಕೊಳ್ಳಬಹುದು. ಅಲ್ಲಿಯವರೆಗೆ ಒಂದು ದಿನದ ನಂಬರು: 4716. ಕಚೇರಿಯ ಜವಾನ ಬಕೆಟ್ಟಿನಲ್ಲಿ ಸುಣ್ಣ ಕಲಸಿ ತಂದು, ಮೂತಿಯ ಮೇಲೊಂದು, ಹಿಂದಿನ ಬಂಡಿಯ ಬಾಗಿಲ ಮೇಲೊಂದು ಬರೆದ.

“ಪೇಂಟಿಲ್ವಾ?” ಎಂದು ಮುನಿಆಂಜನಪ್ಪ ಕೇಳಿದ.

“ಒಂದ್ ದಿನ ಬದುಕೋ ನಂಬರ್‌ಗೆ ಪೇಂಟ್ ಯಾಕಪ್ಪಾ? ಸುಣ್ಣ ಸಾಕು,” ಎಂದು ಜವಾನ ಬ್ರಷ್ಷು ಕೊಡವಿ ಹೋದ.

ಜೊತೆಗಿದ್ದವನು ಅಹ್ಮದ್ ಪಾಷಾ. ಬ್ಲ್ಯಾಕ್‌ಪಲ್ಲಿಯ ಮೆಕ್ಯಾನಿಕ್ಕು, ಬರ್ಮಾದಲ್ಲಿ ಒಂದೇ ತಟ್ಟೆಯಲ್ಲಿ ಉಂಡವನು. ಬಾನೆಟ್ಟಿನೊಳಗೆ ತಲೆ ತೂರಿಸಿ, ಅದನ್ನು ಬೈದು, ಮುದ್ದಿಸಿ, ಕೊನೆಗೆ ಎಂಜಿನ್ನು ಕೆಮ್ಮುವ ಹಾಗೆ ಮಾಡಿದ.

“ಸುನ್ ಮಗಾ, ನಿನ್ ಲಾರಿಗೆ ಟೀಬಿ ಇದೆ. ಆದ್ರೆ ಸಾಯಲ್ಲ. ನನ್ ಅತ್ತೇನೂ ಹಿಂಗೇ ಕೆಮ್ತಾಳೆ, ಇಪ್ಪತ್ತು ವರ್ಷದಿಂದ.”

ಹಲಸೂರು ಕೆರೆಯ ಏರಿಯವರೆಗೆ ಬಂದರು. ಅಲ್ಲಿ ಪೆಟ್ರೋಲು ಮುಗಿಯಿತು. ಮಾರಕ್ಕ, ಅವಳ ತಮ್ಮ ಬೈಲಪ್ಪ ಬೆಳಿಗ್ಗೆಯೇ ಊರಿನಿಂದ ನಡೆದು ಬಂದು ಅರಳಿ ಮರದ ಕೆಳಗೆ ಕಾದಿದ್ದರು. ಪೆಟ್ರೋಲಿಗೆ ಕೂಪನ್ನು ತೋರಿಸಿ ಸಾಲಿನಲ್ಲಿ ನಿಲ್ಲಬೇಕಾದ ಕಾಲ ಅದು. ಮುನಿಆಂಜನಪ್ಪ ತಾಯಿಗೆ, “ಇಲ್ಲೇ ಕೂತ್ಕೊ ಅವ್ವಾ, ಯಾರನ್ನೂ ಹತ್ತಿರ ಬಿಟ್ಕೋಬೇಡ,” ಎಂದು ಹೇಳಿ, ಪಾಷಾನ ಜೊತೆ ಡಬ್ಬ ಹಿಡಿದು ಪೇಟೆಗೆ ಹೋದ.

ಹಿಂದಿರುಗಿದಾಗ ಹೊತ್ತು ನೆತ್ತಿಯಿಂದ ಇಳಿದಿತ್ತು. ಲಾರಿ ಹೊಳೆಯುತ್ತಿತ್ತು.

ಮೂತಿಯ ಮೈಯೆಲ್ಲ ಒದ್ದೆ. ಕೆಳಗೆ ಸೀಗೆಕಾಯಿಯ ನೊರೆ ಹರಿದು ಕೆರೆಯ ಕಡೆ ಇಳಿದಿತ್ತು. ಮುಂದಿನ ಕಂಬಿಗೆ ಬೇವಿನ ಸೊಪ್ಪು ಕಟ್ಟಿತ್ತು. ನಂಬರು ಬರೆದಿದ್ದ ಜಾಗದಲ್ಲಿ ಅಂಗೈ ದಪ್ಪಕ್ಕೆ ಅರಿಶಿನ. ಬೈಲಪ್ಪ ಮೊಣಕಾಲವರೆಗೆ ಪಂಚೆ ಎತ್ತಿ ಕಟ್ಟಿ, ಹೊಸ ಹೋರಿಯ ಪಕ್ಕ ನಿಂತವನ ಹಾಗೆ ಬಾನೆಟ್ಟಿನ ಮೇಲೆ ಕೈಯಿಟ್ಟು ನಿಂತಿದ್ದ.

“ನೋಡ್ಲಾ ಮುನಿ, ಹೆಂಗೈತೆ!” ಎಂದ.

ಮುನಿಆಂಜನಪ್ಪನ ಕೈಯಿಂದ ಡಬ್ಬ ಜಾರಿತು. ಪಾಷಾ ಹಿಡಿದುಕೊಂಡ.

“ನಂಬರ್ ಎಲ್ಲಿ?”

“ಯಾವ ನಂಬರು?”

“ಸುಣ್ಣದಲ್ಲಿ ಬರ್ದಿದ್ರಲ್ಲ ಮಾವಾ, ಸರ್ಕಾರ್ದೋರು!”

ಬೈಲಪ್ಪ ಮಾರಕ್ಕನ ಮುಖ ನೋಡಿದ. ಮಾರಕ್ಕ ತನ್ನ ಕೈ ನೋಡಿಕೊಂಡಳು. ಉಗುರಿನ ಸಂದಿಯಲ್ಲಿ ಅರಿಶಿನ ಇತ್ತು.

“ಡಿಪೋದೋರು ಗೀಚಿದ್ದಾರೆ ಅಂದ್ಕೊಂಡೆ ಕಣಪ್ಪಾ. ಸಂತೇಲಿ ದನದ ಮೈಮೇಲೆ ಗೀಚಲ್ವಾ, ಹಂಗೆ. ಕೊಂಡ್ ಎತ್ತನ್ನ ಕೆರೇಲಿ ತೊಳೀದೆ ಊರಿಗೆ ಹೊಡ್ಕೊಂಡು ಹೋಗ್ತಾರಾ ಯಾರಾದ್ರೂ?”

ಅದು ಎತ್ತೇ ಆಗಿತ್ತು ಅವರ ಪಾಲಿಗೆ. ಅದಕ್ಕೇ ಮೂತಿಯನ್ನು ಮಾತ್ರ ತೊಳೆದಿದ್ದರು. ಹಿಂದಿನದು ಗಾಡಿ, ಗಾಡಿಯನ್ನು ಯಾರೂ ತೊಳೆಯುವುದಿಲ್ಲ. ಅದರ ಬಾಗಿಲ ಮೇಲೆ 4716 ಬೆಳ್ಳಗೆ ಹಾಗೇ ಇತ್ತು.

ಆದರೆ ಎತ್ತು ಎಂಬುದೊಂದೇ ಕಾರಣವಾಗಿರಲಿಲ್ಲ. ಬೈಲಪ್ಪ ತಲೆ ತಗ್ಗಿಸಿಕೊಂಡು ಹೇಳಿದ. ಬೆಳಿಗ್ಗೆ ಹೊರಡುವಾಗ ತಳವಾರ ಕೇರಿಗೆ ಬಂದು ಪಟೇಲನ ಮಾತು ಕೂಗಿ ಹೋಗಿದ್ದ. ದಂಡಿನ ಗಾಡಿ ಎಂದರೆ ದನದ ಮಾಂಸ ಹೊತ್ತ ಗಾಡಿ. ಪಟಾಲಮ್ಮನ ಗುಡಿಯ ಮುಂದೆ ಹಾದು ಬರುವುದಾದರೆ ತೊಳೆದು ಬರಲಿ. ಇಲ್ಲದಿದ್ದರೆ ಅಲ್ಲೇ ಬೆಂಕಿ ಹಚ್ಚುತ್ತೇವೆ.

“ಅದು ಹೊತ್ತಿದ್ದು ಕಂಬಳಿ!” ಮುನಿಆಂಜನಪ್ಪ ಕಿರುಚಿದ. “ಕಂಬಳಿ, ಡೇರೆ! ಒಳಗೆ ಇನ್ನೂ ನೂಲು ಬಿದ್ದೈತೆ, ನೋಡ್ಬಾರ್ದಾ? ನಾವು ಹೊರೋದು ಚರ್ಮ ಅವ್ವಾ! ಚರ್ಮ ಹೊರೋಕೆ ತಂದ ಲಾರೀನ ಮಡಿ ಮಾಡಿದ್ಯಲ್ಲ!”

“ಬೆಂಕಿ ಹಚ್ತೀವಿ ಅಂದ್ರಲ್ಲೋ,” ಎಂದಳು ಮಾರಕ್ಕ. ಅಷ್ಟೇ ಎಂದಳು.

ಅವಳ ಮೇಲೆ ಯಾವ ಬಾಯಲ್ಲಿ ಸಿಟ್ಟು ಮಾಡುವುದು? ಹುಟ್ಟಿದಂದಿನಿಂದ ಅವಳು ಮುಟ್ಟಿದ್ದನ್ನೆಲ್ಲ ತೊಳೆದುಕೊಂಡವರ ನಡುವೆ ಬೆಳೆದವಳು. ಅವಳು ಕೊಟ್ಟ ಚಿಲ್ಲರೆಗೆ ನೀರು ಚಿಮುಕಿಸಿ ಎತ್ತಿಕೊಂಡಿದ್ದರು, ಅವಳು ಕೂತ ಜಗಲಿಗೆ ಸಗಣಿ ಬಳಿದಿದ್ದರು. ತನ್ನದು ಎಂಬ ದೊಡ್ಡ ವಸ್ತು ಮೊದಲ ಸಲ ಸಿಕ್ಕಾಗ, ಅವರು ತೊಳೆಯುವ ಮೊದಲು ತಾನೇ ತೊಳೆದುಬಿಟ್ಟಳು. ಅವರು ಕಲಿಸಿದ್ದ ಪಾಠ ಅದೊಂದೇ, ಅವಳು ಅದನ್ನು ಚೆನ್ನಾಗಿ ಕಲಿತಿದ್ದಳು.

ಪಾಷಾ ಮೆಲ್ಲಗೆ, “ಅಮ್ಮಾ, ನಿಮ್ ಎಲೆಡಿಕೆ ಚೀಲದಲ್ಲಿ ಸುಣ್ಣ ಇದ್ಯಾ?” ಎಂದು ಕೇಳಿದ.

“ಐತೆ. ಆರತಿಗೆ ಅಂತ ಇಟ್ಕೊಂಡಿದ್ದೆ.”

“ಕೊಡಿ ಇಲ್ಲಿ. ನಾಲ್ಕು ಅಂಕಿ ತಾನೆ? ನಾನು ಬರೀತೀನಿ. ಆ ಜವಾನನಿಗಿಂತ ಖೂಬ್‌ಸೂರತ್ ಬರೀತೀನಿ.”

“ಬೇಡ,” ಎಂದ ಮುನಿಆಂಜನಪ್ಪ.

“ಯಾಕ್ ಬೇಡ? ಅದೇ ನಂಬರು, ಅದೇ ಸುಣ್ಣ!”

“ಕೈ ಅದಲ್ಲ ಪಾಷಾ. ನಾವಾಗಿ ಬರೆದ್ರೆ ಖೋಟಾ. ಪಟೇಲ ಆಗ್ಲೇ ಠಾಣೇಲಿ ಹೇಳಿಟ್ಟಿದ್ದಾನೆ, ಮಾದಿಗರ ಕೈಗೆ ಲಾರಿ ಬಂತು ಅಂದ್ರೆ ಅದು ಕಳವಿನ ಮಾಲೇ ಅಂತ. ಒಂದು ಗೆರೆ ಸುಳ್ಳಾದ್ರೂ ಸಾಕು, ಅವನ ಮಾತು ನಿಜ ಆಗೋಯ್ತದೆ. ಕಾನೂನಲ್ಲೇ ಹೋಗ್ಬೇಕು. ನಮಗೆ ಬೇರೆ ದಾರಿ ಇಲ್ಲ.”

ಬಂಡಿಯೊಳಗೆ ಹಾಕಿ ತಂದಿದ್ದ ಪಾಷಾನ ಬೈಸಿಕಲ್ಲಿನಲ್ಲಿ ಇಬ್ಬರೂ ಮೋಟಾರು ಕಚೇರಿಗೆ ಓಡಿದರು. ಜವಾನ ಮನೆಗೆ ಹೋಗಿದ್ದ. ಗುಮಾಸ್ತ ಬೀರುವಿಗೆ ಬೀಗ ಹಾಕುತ್ತಿದ್ದ. ನಡೆದದ್ದನ್ನು ಕೇಳಿ ಬೀಗವನ್ನು ಅರ್ಧಕ್ಕೆ ಬಿಟ್ಟು ಕುರ್ಚಿಯಲ್ಲಿ ಕೂತು ನಕ್ಕ.

“ಅಯ್ಯಯ್ಯೋ, ಲಾರಿಗೆ ಎಣ್ಣೆಸ್ನಾನಾನಾ? ದೀಪಾವಳಿ ಬಂದ್ಬಿಡ್ತಾಪ್ಪಾ? ಸೀಗೆಕಾಯಿ ಬೇರೆ! ಹೊಸ ಬಟ್ಟೆ ಹಾಕಿದ್ರಾ ಇಲ್ವಾ?”

“ಸ್ವಾಮಿ, ಇನ್ನೊಂದ್ಸಲ ಬರ್ಸಿಕೊಡಿ. ಕಾಲಿಗೆ ಬೀಳ್ತೀನಿ.”

“ಒಂದ್ಸಲ ಬರ್ದಾಯ್ತು. ಎರಡನೇ ಸಲಕ್ಕೆ ಹೊಸ ಅರ್ಜಿ. ದೊರೆ ಸಹಿ ಹಾಕ್ಬೇಕು. ದೊರೆ ಪೋಲೋ ಆಡೋಕೆ ಹೋದ್ರು. ನಾಳೆ ಬಾ.”

“ನಾಳೆ ಲಾರಿ ನಮ್ದಿರಲ್ವಲ್ಲ ಸ್ವಾಮಿ.”

“ಹಾಗಾದ್ರೆ ನಾಳೆ ಬರಬೇಡ.” ಗುಮಾಸ್ತ ಕಣ್ಣೊರೆಸಿಕೊಂಡು ಬೀಗ ಒತ್ತಿದ. “ನಿಮ್ಮವರಿಗೆಲ್ಲ ಲಾರಿ ಯಾಕಪ್ಪಾ, ಹೇಳು.”

ಮುನಿಆಂಜನಪ್ಪ ಬೈಸಿಕಲ್ಲಿನ ಕಡೆಗೆ ತಿರುಗಿದ. ಮರ್ಫಿ ಟೌನಿನ ಮೇಷ್ಟರೊಬ್ಬರ ಜಗಲಿಯಲ್ಲಿ ಲಾಟೀನಿನ ಸುತ್ತ ಕೂತು ಪತ್ರಿಕೆ ಓದಿಸಿಕೊಳ್ಳುತ್ತಿದ್ದ ದಿನಗಳಲ್ಲಿ, ಕಾಯಿದೆಯ ಮುಂದೆ ಎಲ್ಲರೂ ಒಂದೇ ಎಂಬ ಮಾತು ಅವನ ಕಿವಿಗೆ ಬಿದ್ದಿತ್ತು. ಕಾಯಿದೆಯ ಮುಂದೆ ಒಂದು ಮೇಜು ಇರುತ್ತದೆ, ಮೇಜಿನ ಹಿಂದೆ ಒಬ್ಬ ನಗುತ್ತಾ ಕೂತಿರುತ್ತಾನೆ ಎಂದು ಆಗ ಯಾರೂ ಹೇಳಿರಲಿಲ್ಲ.

ಕೆರೆಗೆ ಹಿಂದಿರುಗಿ, ಪೆಟ್ರೋಲು ಸುರಿದು, ಸುಮ್ಮನೆ ಗೇಟಿನ ಕಡೆಗೆ ಓಡಿಸಿದ. ಬೇರೇನು ಮಾಡಲಿ? ಅರಿಶಿನ ಬಿಸಿಲಿಗೂ ಎಂಜಿನ್ನಿನ ಕಾವಿಗೂ ಒಣಗಿ ಬಿರುಕು ಬಿಡುತ್ತಿತ್ತು. ಪಕ್ಕದಲ್ಲಿ ಕೂತ ಮಾರಕ್ಕ ದಾರಿಯುದ್ದಕ್ಕೂ ಎರಡೂ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡಿದ್ದಳು, ಇನ್ನೇನನ್ನೂ ಮುಟ್ಟದ ಹಾಗೆ. ಬೈಲಪ್ಪನೂ ಪಾಷಾನೂ ಹಿಂದಿನ ಬಂಡಿಯಲ್ಲಿದ್ದರು. ಎದುರಿನಿಂದ ಕೇರಿಯ ಇಬ್ಬರು ಹೆಂಗಸರು ಚರ್ಮದ ಹೊರೆ ಹೊತ್ತು ಟ್ಯಾನರಿ ರಸ್ತೆಯ ಕಡೆಗೆ ಬರುತ್ತಿದ್ದರು. ಲಾರಿ ಕಂಡು ರಸ್ತೆಯ ಅಂಚಿಗೆ ಸರಿದು, ತಲೆ ಎತ್ತಲಾರದೆ ಕಣ್ಣಷ್ಟನ್ನೇ ಎತ್ತಿ ನಕ್ಕರು. ಅವರ ಪಾಲಿಗೆ ಲಾರಿ ಆಗಲೇ ಮನೆಗೆ ಬಂದಾಗಿತ್ತು.

ಗೇಟಿನ ಜಮೇದಾರ ದಪ್ಪ ಮೀಸೆಯ, ಇಸ್ತ್ರಿ ಕೆಡದ ಮನುಷ್ಯ. ಹಣೆಯಲ್ಲಿ ಗಂಧ. ಪರವಾನಗಿಯನ್ನು ಕೈಗೆ ತೆಗೆದುಕೊಳ್ಳದೆ, ಗೇಟಿನ ಪಕ್ಕದ ಗಿಡ್ಡ ಗೋಡೆಯ ಮೇಲೆ ಇಡಿಸಿ, ಇಟ್ಟವನು ಹಿಂದೆ ಸರಿದ ಮೇಲೆ ಎತ್ತಿಕೊಂಡ. ಹಿಂದಕ್ಕೆ ಹೋಗಿ ಬಂಡಿ ನೋಡಿದ. ಮುಂದಕ್ಕೆ ಬಂದು ಮೂತಿ ನೋಡಿದ.

“ಬಾಲಕ್ಕೆ ನಂಬರ್ ಐತೆ, ತಲೆಗೆ ಇಲ್ಲ. ಏನೋ ಇದು?”

ಮುನಿಆಂಜನಪ್ಪ ಇದ್ದದ್ದನ್ನು ಇದ್ದ ಹಾಗೆ ಹೇಳಿದ.

“ಸರಿ. ಹಿಂದಿನ ಬಂಡಿ ಹೋಗ್ಬಹುದು. ಎಂಜಿನ್ ಇಲ್ಲೇ ಇರಲಿ.”

“ಎಂಜಿನ್ ಇಲ್ದೆ ಬಂಡಿ ಹೆಂಗೆ ಸ್ವಾಮಿ ಹೋಯ್ತದೆ?”

“ಎಳ್ಕೊಂಡು ಹೋಗಿ. ನಿಮ್ಮ ಕೇರಿಲಿ ಜನಕ್ಕೇನು ಬರಗಾಲಾನಾ?”

ಪಕ್ಕದ ಗೂಡಿನಿಂದ ಗೇಟಿನ ಆಳು ಕೆಂಪು ಲಾಟೀನನ್ನು ತಂದು ಕಲ್ಲಿನ ಮೇಲೆ ಇಟ್ಟು, ಗಾಜು ಬಿಚ್ಚಿ ಒರೆಸತೊಡಗಿದ. ಸೂರ್ಯ ಹಲಸೂರಿನ ಮರಗಳ ತುದಿಗೆ ತಾಕಿದ್ದ. ಆ ಆಳಿನ ಬಟ್ಟೆ ಗಾಜಿನ ಮೇಲೆ ಒಂದು ಸುತ್ತು ಬಂದಾಗೆಲ್ಲ ಬೈಲಪ್ಪ ಸೂರ್ಯನ ಕಡೆ ನೋಡುತ್ತಿದ್ದ.

ಮಾರಕ್ಕ ಇಳಿದು ಬಂದು ರಸ್ತೆಯ ಮೇಲೆ ಉದ್ದಕ್ಕೆ ಬಿದ್ದಳು.

“ನನ್ ತಪ್ಪು ನನ್ನೊಡೆಯಾ. ನಾನೇ ತೊಳೆದಿದ್ದು. ನನ್ನ ಹಿಡ್ಕೊಂಡು ಲಾರಿ ಬಿಟ್ಬಿಡಿ.”

“ಏಳವ್ವಾ,” ಎಂದು ಮುನಿಆಂಜನಪ್ಪ ಅವಳನ್ನು ಎಬ್ಬಿಸಿದ. ಬೋಳು ನೆತ್ತಿಗೆ ಮಣ್ಣು ಮೆತ್ತಿತ್ತು.

“ಆ ಅರಿಶಿನದ ಕೆಳಗೆ ಏನು ಬಚ್ಚಿಟ್ಟಿದ್ದೀರ? ಒರೆಸು ಅದನ್ನ,” ಎಂದ ಜಮೇದಾರ.

ಯಾರೂ ಕದಲಲಿಲ್ಲ. ಮನೆಗೆ ತರುವ ವಸ್ತುವಿನ ಹಣೆಗೆ ಹಚ್ಚಿದ ಅರಿಶಿನವನ್ನು, ದೀಪ ಹಚ್ಚುವ ಹೊತ್ತಿನಲ್ಲಿ, ಹಚ್ಚಿದವಳ ಎದುರಿಗೇ ಒರೆಸುವುದೆಂದರೆ ಏನೆಂದು ಅವನಿಗೂ ಗೊತ್ತಿತ್ತು. ಮಾರಕ್ಕ ಒಮ್ಮೆ ಮಗನ ಮುಖ ನೋಡಿ, ತಾನೇ ಮುಂದೆ ಹೋಗಿ, ಸೆರಗಿನಿಂದ ಒರೆಸಿದಳು. ಒಣಗಿದ ಅರಿಶಿನ ಹಪ್ಪಳದ ಹಾಗೆ ಮುರಿದು ಉದುರಿತು.

ಅದರ ಕೆಳಗೆ ಕೆಂಪಿತ್ತು.

ಮೊದಲು ನಾಲ್ಕರ ಉದ್ದನೆಯ ಕಾಲು. ಆಮೇಲೆ ಏಳು. ಒಂದು ಸ್ವಲ್ಪ ಮಸುಕು. ಆರರ ಹೊಟ್ಟೆ ಗುಂಡಗೆ. ಸೀಗೆಕಾಯಿಗೆ ಹೋಗದೆ, ಮಿಲಿಟರಿ ಬಣ್ಣದ ಸಣ್ಣ ಸಣ್ಣ ತೂತುಗಳಲ್ಲಿ ಕಚ್ಚಿಕೊಂಡು ಉಳಿದಿದ್ದ ಸರ್ಕಾರದ ಸುಣ್ಣ, ಮಾರಕ್ಕನ ಅರಿಶಿನ ತಾಕಿ, ಆರತಿಯ ನೀರಿನ ಹಾಗೆ ಕೆಂಪಾಗಿತ್ತು. ಜವಾನನ ಬ್ರಷ್ಷು ಎಲ್ಲಿ ಸೊಟ್ಟಗೆ ಎಳೆದಿತ್ತೋ ಅಲ್ಲೇ ಸೊಟ್ಟಗೆ.

“ಬಂತು! ಬಂತು ಕಣೋ!” ಬೈಲಪ್ಪ ಕುಣಿದುಬಿಟ್ಟ. “ನಾಲ್ಕು, ಏಳು, ಒಂದು, ಆರು!”

“ಕುಂಕುಮದಲ್ಲಿ ಬರ್ಕೊಂಡು ಬಂದಿದ್ದೀರ,” ಎಂದ ಜಮೇದಾರ.

“ಕುಂಕುಮ ಅಲ್ಲ ಸ್ವಾಮಿ. ಸುಣ್ಣಕ್ಕೆ ಅರಿಶಿನ ಬಿದ್ದೈತೆ ಅಷ್ಟೆ. ನಿಮ್ಮನೇಲೂ ಆರತಿ ಎತ್ತಲ್ವಾ? ಕುಂಕುಮ ಆದ್ರೆ ಕೈಗೆ ಬರ್ತದೆ. ಬೆರಳಿಟ್ಟು ನೋಡಿ.”

“ಏನಂದೆ?”

“ಬೆರಳಿಟ್ಟು ನೋಡಿ ಅಂದೆ. ‘ಗೇಟಿನ ಅಧಿಕಾರಿ ಖುದ್ದು ಪರೀಕ್ಷಿಸತಕ್ಕದ್ದು’ ಅಂತ ಪರವಾನಗೀಲೇ ಐತೆ.”

ಜಮೇದಾರನ ಮುಖ ಊದಿಕೊಂಡಿತು. “ನಿನ್ ತಾಯಿ ಕೈಯಲ್ಲಿ ಬಳಿದಿರೋದನ್ನ ನಾನು ಮುಟ್ಟಬೇಕೇನೋ? ಈ ಹೊತ್ತಲ್ಲಿ ನನಗೂ ಸ್ನಾನ ಮಾಡಿಸ್ಬೇಕು ಅಂತಿದ್ಯಾ?”

“ಜಮೇದಾರ್ ಸಾಬ್, ನಾನು ಮುಟ್ತೀನಿ, ನೀವು ನೋಡಿ,” ಎಂದು ಪಾಷಾ ಮುಂದೆ ಬಂದ.

“ನೀನು ಮುಟ್ಟಿದ್ರೆ ನಾನು ಖುದ್ದು ಮಾಡ್ದಂಗಾಯ್ತಾ? ಹಿಂದೆ ಸರಿಯೋ!”

ಲಾಟೀನಿನ ಆಳು ಗಾಜನ್ನು ತಿರುಗಿಸಿ ಕೂಡಿಸಿದ. ಕಡ್ಡಿಪೆಟ್ಟಿಗೆಗಾಗಿ ಸೊಂಟ ತಡವಿಕೊಂಡ.

ಹೀಗೆ, ಒಂದು ಕೇರಿಯ ಬದುಕು ಒಬ್ಬನ ಬೆರಳ ತುದಿಗೆ ಬಂದು ನಿಂತಿತು. ಸುಣ್ಣ ಸರ್ಕಾರದ್ದು, ನಂಬರು ಸರ್ಕಾರದ್ದು, ಕಾಗದ ಸರ್ಕಾರದ್ದು. ಬೆರಳು ಮಾತ್ರ ಅವನದು. ಆ ಬೆರಳಿಗೂ ಆ ಕೆಂಪಿಗೂ ನಡುವೆ ಒಂದು ಮೊಳ ಜಾಗವಿತ್ತು. ಆ ಒಂದು ಮೊಳವನ್ನು ದಾಟಲು ಯಾವ ಸರ್ಕಾರವೂ ಅಲ್ಲಿಯವರೆಗೆ ಪರವಾನಗಿ ಕೊಟ್ಟಿರಲಿಲ್ಲ.

ಮುನಿಆಂಜನಪ್ಪ ಹೋಗಿ ಲಾರಿಯ ಮುಂದೆ, ನಂಬರಿನ ಕೆಳಗೆ, ಕಂಬಿಗೆ ಬೆನ್ನು ಕೊಟ್ಟು ರಸ್ತೆಯಲ್ಲಿ ಕೂತುಬಿಟ್ಟ.

“ಮುಟ್ಟಿ ನೋಡಿ. ಕುಂಕುಮ ಬಂದ್ರೆ ಜೈಲಿಗೆ ಹಾಕಿ. ಮುಟ್ಟೋವರೆಗೂ ನಾನು ಏಳಲ್ಲ.”

“ಏಳೋ!”

“ಏಳಲ್ಲ.”

“ಏಳಪ್ಪಾ ಮುನಿ,” ಎಂದು ಮಾರಕ್ಕ ಅಳತೊಡಗಿದಳು. “ಲಾರಿ ಹೋದ್ರೆ ಹೋಗ್ಲಿ. ನನಗೆ ತಲೆ ಇನ್ನೂ ಐತೆ ಕಣಪ್ಪಾ, ಹೊರ್ತೀನಿ.”

ಆ ಮಾತು ಕೇಳಿ ಅವನು ಕಾಲನ್ನು ಇನ್ನಷ್ಟು ಚಾಚಿ ಕೂತ.

ಜಮೇದಾರ ಲಾಠಿ ಎತ್ತಿದ. ಮೊದಲನೆಯ ಏಟು ಭುಜಕ್ಕೆ ಬಿತ್ತು. ಮುನಿಆಂಜನಪ್ಪ ಬಾಗಿದ, ಏಳಲಿಲ್ಲ. ಎರಡನೆಯದು ಬೆನ್ನಿನ ಮೇಲೆ. ಏಳಲಿಲ್ಲ. ಮೂರನೆಯದನ್ನು ಜಮೇದಾರ ಇದ್ದ ಬಲವನ್ನೆಲ್ಲ ಹಾಕಿ ಬೀಸಿದ. ಮಾರಕ್ಕ ಮಗನ ಮೇಲೆ ಕವಿದುಬಿದ್ದಳು; ಅವಳ ಮೈ ತನಗೆ ತಾಕಿಬಿಟ್ಟೀತೆಂಬ ಹೆದರಿಕೆಯಲ್ಲಿ ಜಮೇದಾರನ ಕೈ ಓರೆಯಾಯಿತು. ಲಾಠಿಯ ತುದಿ ಲಾರಿಯ ಹಣೆಗೆ ಅಪ್ಪಳಿಸಿ, ನಾಲ್ಕರಿಂದ ಆರರವರೆಗೆ ನಾಲ್ಕೂ ಅಂಕಿಗಳ ಮೇಲೆ ಕರಕರ ಉಜ್ಜಿಕೊಂಡು ಇಳಿಯಿತು.

ಎಂಜಿನ್ನಿನ ಕೆಮ್ಮೊಂದೇ ಕೇಳುತ್ತಿತ್ತು.

ಅಂಕಿಗಳು ಅಲ್ಲೇ ಇದ್ದವು. ಒಂದೂ ಅಳಿಸಿರಲಿಲ್ಲ.

“ದೇಖೋ ಸಾಬ್!” ಪಾಷಾ ಕೂಗಿದ. ಅವನ ದನಿ ಒಡೆದಿತ್ತು. “ಪರೀಕ್ಷೆ ಆಗೋಯ್ತು! ಖುದ್ದು ನಿಮ್ಮ ಲಾಠೀನೇ ಮಾಡ್ತು! ತುದಿ ನೋಡಿ, ಕುಂಕುಮ ಇದ್ಯಾ?”

ಜಮೇದಾರ ಲಾಠಿಯ ತುದಿಯನ್ನು ಕಣ್ಣ ಹತ್ತಿರ ತಂದುಕೊಂಡ. ಹಳದಿ ಪುಡಿ ಇತ್ತು. ಕೆಂಪು ಇರಲಿಲ್ಲ. ಗೇಟಿನ ಎರಡೂ ಕಡೆ ಕಾದಿದ್ದ ಗಾಡಿಗಳವರು, ತರಕಾರಿಯವರು, ರೆಜಿಮೆಂಟಿನ ಇಬ್ಬರು ಸಿಪಾಯಿಗಳು ನೋಡುತ್ತಿದ್ದರು. ಲಾಠಿಗೆ ಮೈಲಿಗೆ ಇಲ್ಲ. ಕೇರಿಯವರ ಬೆನ್ನನ್ನು ಎಷ್ಟು ಸಲ ಮುಟ್ಟಿದರೂ ಅದಕ್ಕೆ ಯಾರೂ ಸ್ನಾನ ಮಾಡಿಸಿದ್ದಿಲ್ಲ. ಅವನು ತುದಿಯನ್ನು ಹುಲ್ಲಿಗೆ ಒರೆಸಿ, ಪರವಾನಗಿಯ ಮೇಲೆ ಸಹಿ ಗೀಚಿ, ಅದನ್ನು ನೆಲಕ್ಕೆ ಎಸೆದ.

“ತೊಲಗಿ.”

ಮುನಿಆಂಜನಪ್ಪ ತಾನಾಗಿ ಏಳಲಾಗಲಿಲ್ಲ. ಬೈಲಪ್ಪ, ಪಾಷಾ ಎರಡೂ ರಟ್ಟೆ ಹಿಡಿದು ಎತ್ತಿ ಸ್ಟೇರಿಂಗಿನ ಮುಂದೆ ಕೂರಿಸಿದರು. ಎಡಗೈ ಮೇಲೇಳುತ್ತಿರಲಿಲ್ಲ. ಗೇರು ಹಾಕಲು ಪಾಷಾ ಪಕ್ಕದಿಂದ ಕೈಚಾಚಿದ. ಲಾರಿ ಗೇಟು ದಾಟುವಾಗ ಹಿಂದಿನಿಂದ ಕಡ್ಡಿ ಗೀರಿದ ಸದ್ದಾಯಿತು. ಯಾರೂ ತಿರುಗಿ ನೋಡಲಿಲ್ಲ.

ಕೃಷ್ಣರಾಜಪುರಕ್ಕೆ ಬಂದರು. ಠಾಣೆಯಲ್ಲಿ ಕಾಗದ ತೋರಿಸಿದರು. ಅಲ್ಲಿನ ಪೇದೆ ಕೆಂಪು ನಂಬರನ್ನು, ಡ್ರೈವರನ ಅಂಗಿಯ ಮೇಲಿನ ಕೆಂಪನ್ನು ನೋಡಿ, ಸಹಿ ಸರಿಯಾಗಿದ್ದುದರಿಂದ ಬಿಟ್ಟ. ಊರ ಬಾಗಿಲಿಗೆ ಬಂದಾಗ ಆಕಾಶದಲ್ಲಿ ಇನ್ನೂ ಸ್ವಲ್ಪ ಬೆಳಕಿತ್ತು. ಪಟಾಲಮ್ಮನ ಗುಡಿಯ ಮುಂದೆ ತಳವಾರ ಪಂಜು ಹಿಡಿದು ನಿಂತಿದ್ದ. ಪಂಜು ಇನ್ನೂ ಹೊತ್ತಿಸಿರಲಿಲ್ಲ. ಅವನ ಹಿಂದೆ ಪಟೇಲನ ಮನೆಯ ನಾಲ್ಕೈದು ಜನ. ಅವರ ಹಿಂದೆ, ದೂರದಲ್ಲಿ, ಇಡೀ ಕೇರಿ.

ಲಾರಿ ನಿಂತಿತು. ತಳವಾರ ಕಿಟಕಿಯ ಹತ್ತಿರ ಬಂದ. ಬರುವಾಗ ಹಣೆಯ ಮೇಲಿನ ಆ ಕೆಂಪು ಅಂಕಿಗಳನ್ನು ನೋಡಿ ಅರ್ಥವಾಗದೆ ಒಂದು ಹೆಜ್ಜೆ ಹಿಂದೆ ಸರಿದ.

“ಪಟೇಲರು ಕೇಳ್ತವ್ರೆ. ತೊಳೆದ್ರೇನ್ರೋ?”

ಮಗ ಬಾಯಿ ತೆರೆಯುವ ಮೊದಲೇ ಮಾರಕ್ಕ ಸೆರಗಿನಿಂದ ಎರಡೂ ಕೈಗಳನ್ನು ಬಿಡಿಸಿ ಕಿಟಕಿಯ ಅಂಚಿನ ಮೇಲೆ ಇಟ್ಟಳು. ತೊಳೆದು ಮಿಕ್ಕ ಸೀಗೆಕಾಯಿಯ ಗಂಟು ಇನ್ನೂ ಅವಳ ಮಡಿಲಲ್ಲಿತ್ತು. ಅದನ್ನೆತ್ತಿ ತಳವಾರನ ಕಾಲ ಬಳಿ ಹಾಕಿದಳು.

“ತೊಳೆದ್ವಿ ಕಣಪ್ಪಾ,” ಎಂದಳು. “ನಂಬರು ಹೋಗ್ಲಿಲ್ಲ.”

ಪಾಷಾ ಗೇರು ಹಾಕಿದ.